ಆಗುವುದೇ? ಆಗುವುದಾದರೆ ಯಾವಾಗ?



ಯಾವುದೇ ರಾಸಾಯನಿಕ ಕ್ರಿಯೆಯ ಬಗ್ಗೆ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು. ಈ ಕ್ರಿಯೆ ನಡೆಯಲು ಸಾಧ್ಯವೇ? ಸಾಧ್ಯವಾದರೆ ಎಷ್ಟು ಬೇಗ ನಡೆದೀತು? ಮೊದಲನೆಯದಕ್ಕೆ ಉತ್ತರ ಕೊಡುವುದು ಉಷ್ಣಗತಿ ವಿಜ್ಞಾನ. ಎರಡನೆಯದಕ್ಕೆ ಉತ್ತರ ಕೊಡುವುದು ಕ್ರಿಯಾವೇಗದ ಅಧ್ಯಯನ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ದಾರಿ ತಪ್ಪುತ್ತೇವೆ.

ವಜ್ರವನ್ನೇ ತೆಗೆದುಕೊಳ್ಳಿ. ವಜ್ರವೂ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ಇಂಗಾಲದ ಎರಡು ರೂಪಗಳು. ಕೋಣೆಯ ಉಷ್ಣತೆ ಮತ್ತು ಸಾಮಾನ್ಯ ಒತ್ತಡದಲ್ಲಿ ಹೆಚ್ಚು ಸ್ಥಿರವಾದುದು ಗ್ರಾಫೈಟ್. ಒಂದು ಮೋಲ್, ಅಂದರೆ 12 ಗ್ರಾಂ ವಜ್ರ ಗ್ರಾಫೈಟ್ ಆದರೆ ಮುಕ್ತ ಶಕ್ತಿ ಸುಮಾರು 2.9 ಕಿಲೋಜೂಲ್‌ನಷ್ಟು ಇಳಿಯುತ್ತದೆ. ಹೀಗೆ ಮುಕ್ತ ಶಕ್ತಿ ಇಳಿಯುವ ಬದಲಾವಣೆಯನ್ನು ನಿಮ್ಮ ಪಠ್ಯಪುಸ್ತಕ ‘ಸ್ವಯಂಪ್ರೇರಿತ’ ಎನ್ನುತ್ತದೆ. ಹಾಗಾದರೆ ಅಜ್ಜಿಯ ವಜ್ರದ ಮೂಗುಬೊಟ್ಟು ಮೊಮ್ಮಗಳ ಕಾಲಕ್ಕೆ ಕಪ್ಪಗಾಗಬೇಕಲ್ಲವೇ? ಆಗುವುದಿಲ್ಲ. ವಜ್ರದ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳೊಡನೆ ಬಿಗಿಯಾಗಿ ಬೆಸೆದುಕೊಂಡಿದೆ. ಹೊಸ ಜೋಡಣೆಗೆ ಮೊದಲು ಆ ಬಂಧಗಳು ಮುರಿಯಬೇಕು. ಅದಕ್ಕೆ ಬೇಕಾದ ಶಕ್ತಿ ಕೋಣೆಯ ಉಷ್ಣತೆಯಲ್ಲಿ ಒದಗದು. ‘ಸ್ವಯಂಪ್ರೇರಿತ’ ಎಂದರೆ ‘ಕೂಡಲೇ’ ಎಂದು ಅರ್ಥವಲ್ಲ.

ಊರ ಕೆರೆಯನ್ನು ನೆನೆಸಿಕೊಳ್ಳಿ. ನೀರು ಮೇಲಿದೆ, ಗದ್ದೆ ಕೆಳಗಿದೆ, ನಡುವೆ ಏರಿ ಇದೆ. ನೀರು ಮತ್ತು ಗದ್ದೆಯ ಮಟ್ಟಗಳ ಅಂತರ ಮುಕ್ತ ಶಕ್ತಿಯ ಇಳಿತವಿದ್ದಂತೆ. ಏರಿಯ ಎತ್ತರ ಕ್ರಿಯಾಶೀಲನ ಶಕ್ತಿಯಿದ್ದಂತೆ. ಉಷ್ಣತೆ ಹೆಚ್ಚಿದಂತೆ ಈ ಏರಿಯನ್ನು ದಾಟಬಲ್ಲ ಅಣುಗಳ ಪಾಲೂ ಹೆಚ್ಚುತ್ತದೆ. ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ಕ್ರಿಯಾವೇಗವನ್ನು ವಿವರಿಸಿದ್ದು ಹೀಗೆಯೇ. ವೇಗವರ್ಧಕವಾದರೋ ಕೆರೆಯ ತೂಬಿನಂತೆ. ತಗ್ಗಿನಲ್ಲೊಂದು ದಾರಿ ತೆರೆದುಕೊಡುತ್ತದೆ. ಆದರೆ ತೂಬು ಎತ್ತಿದ ಮಾತ್ರಕ್ಕೆ ಗದ್ದೆಯ ನೀರು ಕೆರೆಗೆ ಹತ್ತಲಾರದು. ಆಗದ ಕ್ರಿಯೆಯನ್ನು ಆಗಿಸುವುದು ವೇಗವರ್ಧಕದಿಂದಲೂ ಅಸಾಧ್ಯ.

ಇದನ್ನು ಮನೆಯಲ್ಲೇ ನೋಡಬಹುದು. ಗಾಯ ತೊಳೆಯಲು ಬಳಸುವ ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು ಸ್ವಯಂಪ್ರೇರಿತ ಕ್ರಿಯೆ. ಆದರೂ ಅದು ಸೀಸೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿರಿಯರ ಜೊತೆಯಲ್ಲಿ ಸ್ವಲ್ಪ ದ್ರಾವಣವನ್ನು ಲೋಟಕ್ಕೆ ಸುರಿದು ಹಸಿ ಆಲೂಗಡ್ಡೆಯ ಹೋಳೊಂದನ್ನು ಹಾಕಿ. ಬುರುಬುರು ನೊರೆ ಏಳುತ್ತದೆ. ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಇಲ್ಲಿ ತೂಬನ್ನು ಎತ್ತಿದೆ.

ಇನ್ನು ನಮ್ಮ ಅನ್ನಕ್ಕೆ ಸಂಬಂಧಿಸಿದ ಉದಾಹರಣೆ. ಸಾರಜನಕ ಮತ್ತು ಜಲಜನಕ ಸೇರಿ ಎರಡು ಮೋಲ್ ಅಮೋನಿಯಾ ಆಗುವಾಗ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ತ ಶಕ್ತಿ ಸುಮಾರು 33 ಕಿಲೋಜೂಲ್ ಇಳಿಯುತ್ತದೆ. ಆದರೆ ಸಾರಜನಕದ ಎರಡು ಪರಮಾಣುಗಳ ನಡುವಿನ ತ್ರಿಬಂಧವನ್ನು ಮುರಿಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ಹಾಗಾಗಿ ಕ್ರಿಯೆ ಕದಲುವುದೇ ಇಲ್ಲ. ಕಾಯಿಸಿದರೆ ವೇಗ ಬರುತ್ತದೆ ನಿಜ. ಆದರೆ ಇದು ಶಾಖವನ್ನು ಹೊರಬಿಡುವ ಕ್ರಿಯೆ. ಬಿಸಿ ಹೆಚ್ಚಿದಷ್ಟೂ ಸಮತೋಲದಲ್ಲಿ ಉಳಿಯುವ ಅಮೋನಿಯಾ ಕಡಿಮೆ. ವೇಗ ಬೇಕೆಂದರೆ ಇಳುವರಿ ಹೋಗುತ್ತದೆ, ಇಳುವರಿ ಬೇಕೆಂದರೆ ವೇಗ ಹೋಗುತ್ತದೆ!

ಈ ಬಿಕ್ಕಟ್ಟಿನಿಂದ ದಾರಿ ತೋರಿದವರು ಜರ್ಮನಿಯ ಫ್ರಿಟ್ಸ್ ಹೇಬರ್ ಮತ್ತು ಕಾರ್ಲ್ ಬಾಷ್. ನಾಲ್ಕು ಅಣುಗಳು ಎರಡಾಗುವ ಕ್ರಿಯೆಯಾದ್ದರಿಂದ ಹೆಚ್ಚಿನ ಒತ್ತಡ ಇಳುವರಿಗೆ ನೆರವಾಯಿತು. ಕಬ್ಬಿಣದ ವೇಗವರ್ಧಕ ವೇಗಕ್ಕೆ ನೆರವಾಯಿತು. ಉಷ್ಣತೆಯನ್ನು 400ರಿಂದ 500 ಡಿಗ್ರಿಗಳ ಆಸುಪಾಸಿನಲ್ಲಿ ನಿಲ್ಲಿಸಿದರು. 1913ರಲ್ಲಿ ಜರ್ಮನಿಯ ಓಪೌ ಎಂಬಲ್ಲಿ ಕಾರ್ಖಾನೆ ಆರಂಭವಾಯಿತು. ನಮ್ಮ ರೈತರ ಯೂರಿಯಾ ತಯಾರಾಗುವುದು ಇದೇ ಅಮೋನಿಯಾದಿಂದ. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಆಹಾರ ಇದನ್ನು ಅವಲಂಬಿಸಿದೆಯೆಂಬುದು ತಜ್ಞರ ಅಂದಾಜು.

ಒಂದು ಎಚ್ಚರಿಕೆಯ ಮಾತು. ನಿಧಾನವಾಗಿರುವುದೆಲ್ಲ ನಿರಪಾಯವಲ್ಲ. ಅಮೋನಿಯಾದಿಂದಲೇ ತಯಾರಾಗುವ ಅಮೋನಿಯಂ ನೈಟ್ರೇಟ್ ಲೆಬನಾನಿನ ಬೈರೂತ್ ಬಂದರಿನ ಉಗ್ರಾಣದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬಿದ್ದಿತ್ತು. 2020ರ ಆಗಸ್ಟ್ 4ರಂದು ಅಲ್ಲಿ ಬೆಂಕಿ ಹತ್ತಿತು. ಸುಮಾರು 2,750 ಟನ್ ಸರಕು ಸ್ಫೋಟಿಸಿ 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಅಷ್ಟು ಕಾಲ ಕಾದಿದ್ದುದು ಏರಿಯೇ ಹೊರತು ವಸ್ತುವಿನ ಸ್ಥಿರತೆಯಲ್ಲ.

ನಮ್ಮ ದೇಹವೂ ಅಷ್ಟೇ. ಗಾಳಿಯಲ್ಲಿರುವ ಆಮ್ಲಜನಕದೊಡನೆ ನಮ್ಮ ಕೊಬ್ಬು, ಸಕ್ಕರೆ, ಪ್ರೋಟೀನುಗಳೆಲ್ಲ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮುಂತಾದುವುಗಳಾಗುವುದು ಉಷ್ಣಗತಿ ವಿಜ್ಞಾನಕ್ಕೆ ಒಪ್ಪಿಗೆಯೇ. ಅಡ್ಡವಾಗಿ ಏರಿಯಿದೆ, ಬೇಕಾದಲ್ಲಿ, ಬೇಕಾದಷ್ಟೇ ತೂಬು ಎತ್ತುವ ಕಿಣ್ವಗಳಿವೆ. ಆದ್ದರಿಂದ ಬದುಕಿದ್ದೇವೆ.

ಮುಂದಿನ ಬಾರಿ ಸಮೀಕರಣವೊಂದನ್ನು ಬರೆಯುವಾಗ ಬಾಣದ ಗುರುತಿನ ಮೇಲೆ ಕ್ಷಣಕಾಲ ಪೆನ್ನು ನಿಲ್ಲಿಸಿ. ಅದು ದಿಕ್ಕನ್ನು ಮಾತ್ರ ಹೇಳುತ್ತದೆ. ಗಡಿಯಾರದ ಪ್ರಶ್ನೆಯನ್ನು ನೀವೇ ಬೇರೆಯಾಗಿ ಕೇಳಬೇಕು.