ಯಾವ ಕ್ಯಾಮರಾ ಯಾರ ಕೈಗೆ?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇತ್ತೀಚೆಗೆ ಇಬ್ಬರು ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಈಗ ಕಾಲೇಜಿನಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ. "ಸರ್, ಅಬ್ಬಾ ಸ್ವಲ್ಪ ಹಣ ಕೂಡಿಟ್ಟಿದ್ದಾರೆ, ಕ್ಯಾಮರಾ ಕೊಡಿಸುತ್ತಾರಂತೆ. ಯಾವುದು ತೆಗೆದುಕೊಳ್ಳಲಿ?" ಎಂದಳು. ಇನ್ನೊಬ್ಬರು ನಮ್ಮ ಶಾಲೆಯ ಗ್ರೂಪ್ ಫೋಟೋ ತೆಗೆಯಲು ಬರುವ ಸ್ಟುಡಿಯೋದವರು. "ಮೇಷ್ಟ್ರೇ, ಎಲ್ಲರೂ ಮಿರರ್‌ಲೆಸ್ ಅನ್ನುತ್ತಾರೆ. ಸಾಲ ಮಾಡಿಯಾದರೂ ಕೊಳ್ಳಲೇ?" ಎಂದರು. ಪ್ರಶ್ನೆ ಒಂದೇ ಆದರೂ ಉತ್ತರ ಒಂದೇ ಅಲ್ಲ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. 2013ರಲ್ಲಿ ಮೊದಲ ಸಂಬಳದ ಹುಮ್ಮಸ್ಸಿನಲ್ಲಿ ಹದಿನಾರು ಮೆಗಾಪಿಕ್ಸೆಲ್‌ನ ಪುಟ್ಟ ಕ್ಯಾಮರಾ ಕೊಂಡೆ. ಅದೇ ವರ್ಷ ನಮ್ಮ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ ನಡೆಯಿತು. ಸಂಜೆಯ ಹೊತ್ತು, ಸಭಾಂಗಣದಲ್ಲಿದ್ದುದು ಎರಡೇ ಟ್ಯೂಬ್‌ಲೈಟ್. ನಾನು ತೆಗೆದ ಚಿತ್ರಗಳಲ್ಲಿ ಒಂದು ಮುಖವೂ ಸ್ಪಷ್ಟವಾಗಿರಲಿಲ್ಲ. ಇಂದು ಅವರು ನಮ್ಮೊಂದಿಗಿಲ್ಲ. ಅವರ ಮನೆಯವರು ಆ ದಿನದ ಫೋಟೋ ಕೇಳಿದಾಗ ತಲೆ ತಗ್ಗಿಸಿ ನಿಂತೆ.

ಎಡವಿದ್ದೆಲ್ಲಿ? ನಾನು ಅಂಕಿಯನ್ನು ನೋಡಿದೆ, ಬೆಳಕನ್ನು ನೋಡಲಿಲ್ಲ. 4x6 ಇಂಚಿನ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು 1200x1800, ಅಂದರೆ ಸುಮಾರು 2 ಮೆಗಾಪಿಕ್ಸೆಲ್ ಸಾಕು. 8x12 ಇಂಚಿಗೂ 9 ಮೆಗಾಪಿಕ್ಸೆಲ್ ದಾಟದು. ಮುಖ್ಯವಾದುದು ಬೆಳಕು ಹಿಡಿಯುವ ಸೆನ್ಸರ್‌ನ ಗಾತ್ರ. ಅಂಥ ಪುಟ್ಟ ಕ್ಯಾಮರಾಗಳಲ್ಲಿ ಅದು ಸಾಮಾನ್ಯವಾಗಿ 6.2x4.6 ಮಿ.ಮೀ. ಇರುತ್ತಿತ್ತು. ಎಪಿಎಸ್-ಸಿ ಎಂಬ ನಡುಗಾತ್ರದ್ದು ಸುಮಾರು 23.5x15.6 ಮಿ.ಮೀ.; ವಿಸ್ತೀರ್ಣದಲ್ಲಿ 13 ಪಟ್ಟು ದೊಡ್ಡದು. ಫುಲ್ ಫ್ರೇಮ್ ಎಂದರೆ 36x24 ಮಿ.ಮೀ. ಮಳೆಗೆ ಲೋಟ ಇಟ್ಟರೂ ಒಂದೇ, ಬಕೆಟ್ ಇಟ್ಟರೂ ಒಂದೇ ಎನ್ನಲಾದೀತೇ?

ಈಗ ವಿದ್ಯಾರ್ಥಿನಿಗೆ ನಾನು ಹೇಳಿದ್ದು. "ಮಗಳೇ, ಮೂರು ತಿಂಗಳು ಮನೆಯ ಮೊಬೈಲಿನಲ್ಲೇ ತೆಗೆ. ಕಿಟಕಿಯ ಬೆಳಕು, ಸಂಜೆಯ ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ ನೋಡು. ಆಮೇಲೂ ಆಸೆ ಉಳಿದರೆ ಬಳಸಿದ ಡಿಎಸ್ಎಲ್ಆರ್ ಒಂದನ್ನು ಕೊಳ್ಳು." ಅಪರ್ಚರ್, ಶಟರ್, ಐಎಸ್ಒ ಮೂರನ್ನೂ ಕೈಯಿಂದ ಬದಲಿಸಲು ಬರುವ ಕ್ಯಾಮರಾ ಕಲಿಯುವವರಿಗೆ ಒಳ್ಳೆಯ ಗುರು. ಕೊಳ್ಳುವಾಗ ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ. ನಮ್ಮ ಮಳೆನಾಡು, ಕರಾವಳಿಗಳಲ್ಲಿ ಇದು ಬಹಳ. ಬ್ಯಾಟರಿ ಈಗಲೂ ಸಿಗುತ್ತದೆಯೇ ವಿಚಾರಿಸಿ. ಉಳಿದ ಹಣದಲ್ಲಿ 50 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳಿ. ಎಫ್/5.6ಕ್ಕೆ ಹೋಲಿಸಿದರೆ ಅದು ಒಳಬಿಡುವ ಬೆಳಕು 9 ಪಟ್ಟಿಗೂ ಹೆಚ್ಚು. ಆ ಸಂಜೆ ನನ್ನ ಬಳಿ ಇಲ್ಲದೇ ಹೋದದ್ದು ಅದೇ.

ಸ್ಟುಡಿಯೋದವರ ಲೆಕ್ಕವೇ ಬೇರೆ. ಅವರ ಬಂಡವಾಳ ಕ್ಯಾಮರಾದಲ್ಲಿಲ್ಲ, ವರ್ಷಗಳಿಂದ ಕೂಡಿಸಿದ ಲೆನ್ಸ್‌ಗಳಲ್ಲಿದೆ. ನಿಕಾನ್ 1959ರಿಂದ ಎಫ್ ಮೌಂಟ್, ಕ್ಯಾನನ್ 1987ರಿಂದ ಇಎಫ್ ಮೌಂಟ್ ಬಳಸಿಕೊಂಡು ಬಂದವು. 2018ರಲ್ಲಿ ಎರಡೂ ಮಿರರ್‌ಲೆಸ್‌ಗಾಗಿ ಜಡ್ ಮತ್ತು ಆರ್‌ಎಫ್ ಎಂಬ ಹೊಸ ಮೌಂಟ್ ತಂದವು. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಬಹುದು. ಆದರೆ ಒಳಗೆ ಮೋಟಾರ್ ಇಲ್ಲದ ಹಳೆಯ ನಿಕಾನ್ ಲೆನ್ಸ್‌ಗಳಿಗೆ ಕಂಪನಿಯ ಅಡಾಪ್ಟರಿನಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ. ಹಾಗಾಗಿ, "ನಿಮ್ಮ ಲೆನ್ಸ್‌ಗಳನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ. ಎರಡು ಕಾರ್ಡ್ ಹಾಕುವ ಜಾಗವಿದ್ದರೆ ಮಾತ್ರ ಯೋಚಿಸಿ. ಒಂದು ಕಾರ್ಡ್ ಕೈಕೊಟ್ಟರೆ ಮದುವೆಯನ್ನು ಮತ್ತೆ ಮಾಡಿಸಲಾಗದು. ಈಗಿರುವ ಕ್ಯಾಮರಾ ಗಿರಾಕಿಗೆ ಬೇಕಾದುದನ್ನು ಕೊಡುತ್ತಿದ್ದರೆ ಸಾಲ ಬೇಡ" ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನಾನು ಯಾರ ಚಿತ್ರ ತೆಗೆಯಬೇಕು, ಯಾವ ಬೆಳಕಿನಲ್ಲಿ? ಆ ಚೀಟಿಯನ್ನು ನೋಡಿಯೇ ಕ್ಯಾಮರಾ ಆರಿಸಿ, ಜಾಹೀರಾತನ್ನು ನೋಡಿ ಅಲ್ಲ. ಹೋದ ಹಣವನ್ನು ದುಡಿದು ತರಬಹುದು, ಹೋದ ಸಂಜೆಯನ್ನು ತರಲಾಗದು.