ಬಿಸಿಯಾದ ಚಕ್ರ, ಕರಗಿದ ಮುಚ್ಚಳ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗಾಡಿ ಓಡಿಸಿ ಹೊಟ್ಟೆ ಹೊರೆಯುವವರೂ ಗ್ಯಾರೇಜಿನಲ್ಲಿ ದುಡಿಯುವವರೂ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರ ಕೈಗೆ ಈಚೆಗೆ ಹೊಸ ಬಗೆಯ ಗಾಡಿ ಬಂದಿದೆ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತು ತಿರುಗುವ ಪ್ರವಾಸದ ಮನೆಗಾಡಿ ಅದು. ಕ್ಯಾರವಾನ್ ಎಂದೂ ಕರೆಯುತ್ತಾರೆ. ಈ ಗಾಡಿಯ ಚಕ್ರದ ನಡುಭಾಗ, ಅಂದರೆ ಹಬ್, ಏಕೆ ಅತಿಯಾಗಿ ಕಾಯುತ್ತದೆ, ಅದರ ಮೇಲಿನ ಮುಚ್ಚಳ ಏಕೆ ಕೆಡುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮುಚ್ಚಳ ಕರಗಿದರೆ ಹೊಸದೊಂದನ್ನು ತಂದು ಹಾಕಿಸಿ, "ಇನ್ನು ಹೊರಡು" ಎನ್ನುವ ಮಾಲೀಕರುಂಟು. ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದರೆ ಜ್ವರ ಬಿಟ್ಟೀತೇ? ಮುಚ್ಚಳದ ಬೆಲೆ ಅಲ್ಪ. ಅದು ಕೊಡುವ ಸುದ್ದಿಯ ಬೆಲೆ ಮಾತ್ರ ಒಂದು ಜೀವದಷ್ಟು.

ಈ ಕಾವು ಎಲ್ಲಿಂದ ಬರುತ್ತದೆ? ಓಡುವ ಗಾಡಿಯನ್ನು ನಿಲ್ಲಿಸಿದಾಗ ಅದರ ವೇಗವೆಲ್ಲ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡುತ್ತದೆ. ಖಂಡಾಲಾದಿಂದ ಖೋಪೋಲಿಗೆ ಬೋರ್ ಘಾಟಿನಲ್ಲಿ ಇಳಿಯುವಾಗ ಗಾಡಿ ಸುಮಾರು 500 ಮೀಟರು ಕೆಳಕ್ಕೆ ಬರುತ್ತದೆ. ಗಾಡಿಯ ತೂಕ 5 ಟನ್ ಇದ್ದು, ಇಳಿತದ ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದರೆ, ಆಗ ಹುಟ್ಟುವ ಶಾಖದಿಂದ ಸುಮಾರು 75 ಲೀಟರು ತಣ್ಣೀರನ್ನು ಕುದಿಸಬಹುದು. ಅದೆಷ್ಟು ಬೆಂಕಿಯೆಂಬುದನ್ನು ಹೋಟೆಲಿನ ಬಂಧುಗಳೇ ಊಹಿಸಿಕೊಳ್ಳಲಿ. ಕೆಳಗಿನ ಗೇರಿನಲ್ಲಿ ಇಳಿದರೆ ಈ ಹೊರೆಯಲ್ಲಿ ದೊಡ್ಡ ಪಾಲನ್ನು ಇಂಜಿನ್ನೇ ಹೊರುತ್ತದೆ.

ಘಾಟಿ ಇಳಿದಾಗ ಚಕ್ರಗಳೆಲ್ಲ ಬಿಸಿಯಾಗುವುದು ಸಹಜ. ಮುಂದಿನವು ಸಾಮಾನ್ಯವಾಗಿ ಹೆಚ್ಚು ಕಾಯುತ್ತವೆ. ಎಡಕ್ಕೂ ಬಲಕ್ಕೂ ಹೆಚ್ಚು ಅಂತರವಿದ್ದರೆ ಮಾತ್ರ ಎಚ್ಚರಗೊಳ್ಳಬೇಕು. ಆದ್ದರಿಂದ ಮುಂದಿನ ಚಕ್ರವನ್ನು ಹಿಂದಿನದಕ್ಕೆ ಹೋಲಿಸದೆ, ಒಂದೇ ಅಚ್ಚಿನ ಎರಡು ಚಕ್ರಗಳನ್ನು ಹೋಲಿಸಿರಿ. ಸಮನಾದ ರಸ್ತೆಯಲ್ಲಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ, ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿರಿ. ದೂರದಿಂದಲೇ ಶಾಖ ಅಳೆಯುವ ಥರ್ಮಾಮೀಟರು ಈಗ ಸುಲಭವಾಗಿ ಸಿಗುತ್ತದೆ. ಎರಡೂ ಕಡೆ ಒಂದೇ ಜಾಗಕ್ಕೆ ಹಿಡಿದು ನೋಡಿರಿ. ಥಳಥಳಿಸುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಅಲ್ಲಿ ಕಪ್ಪು ಬಣ್ಣದ ಬೊಟ್ಟು ಇಟ್ಟು ಅಳೆಯಬೇಕು. ಬರಿಗೈಯಿಂದ ಮುಟ್ಟುವ ಸಾಹಸ ಬೇಡ.

ಕೆಟ್ಟ ಮುಚ್ಚಳವನ್ನು ಎಸೆಯುವ ಮುನ್ನ ಅದನ್ನು ಓದಬೇಕು. ಇಂಥ ಮುಚ್ಚಳಗಳಿಗೆ ಬಳಸುವ ಎ.ಬಿ.ಎಸ್. ಪ್ಲಾಸ್ಟಿಕ್ಕು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಒಳಮೈ ಕರಗಿದ್ದರೆ ಕಾವು ಹಬ್ಬಿನಿಂದಲೇ ಬಂದಿದೆ. ಅಂಚು ಮಾತ್ರ ಉಜ್ಜಿದ್ದರೆ ಫುಟ್‌ಪಾತಿಗೆ ತಗುಲಿದೆ. ಒಳಗೆ ಗ್ರೀಸು ಕಿರಣಗಳಂತೆ ಚಿಮ್ಮಿದ್ದರೆ ಸೀಲು ಸೋರುತ್ತಿದೆ. ನಟ್ಟುಗಳ ಸುತ್ತ ತುಕ್ಕಿನ ಗೆರೆ ಹರಿದಿದ್ದರೆ ನಟ್ಟು ಸಡಿಲವಾಗಿರಬಹುದು. ಇದು ಎಲ್ಲಕ್ಕಿಂತ ಅಪಾಯದ ಗುರುತು.

ಇನ್ನು ಕಾರಣಕ್ಕೆ ಬರೋಣ. ಮನೆಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ಮುಂಬಯಿಯ ಮಳೆಗೆ ಬ್ರೇಕಿನ ಪಿಸ್ಟನ್ನೂ ಪಿನ್ನುಗಳೂ ತುಕ್ಕು ಹಿಡಿದು, ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ. ಗ್ಯಾರೇಜಿನ ಬಂಧುಗಳು ಗಾಡಿಯನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಲಿ. ಆಯಿಲ್ ಬ್ರೇಕಿನ ಗಾಡಿಯಲ್ಲಿ ಚಕ್ರ ಬಿಗಿಯಾಗಿದ್ದರೆ ಬ್ಲೀಡರ್ ಸ್ಕ್ರೂ ಸಡಿಲಿಸಲಿ. ಕೂಡಲೇ ಹಗುರಾದರೆ ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ: ರಬ್ಬರಿನ ಹೋಸು ಒಳಗೆ ಊದಿರಬಹುದು, ಇಲ್ಲವೆ ಮಾಸ್ಟರ್ ಸಿಲಿಂಡರಿನಲ್ಲಿ ದೋಷವಿರಬಹುದು. ಹಗುರಾಗದಿದ್ದರೆ ರೋಗ ಆ ಚಕ್ರದಲ್ಲೇ ಇದೆ. ಬ್ರೇಕಿನ ಜೊತೆಗೆ ಹ್ಯಾಂಡ್‌ಬ್ರೇಕಿನ ಕೇಬಲನ್ನೂ ನೋಡಬೇಕು.

ಬ್ರೇಕು ಸರಿಯಿದ್ದೂ ಹಬ್ ಕಾದರೆ ಬೇರಿಂಗಿನ ಕಡೆ ತಿರುಗಬೇಕು. ತಿರುವಿನಲ್ಲಿ ಏರಿಳಿಯುವ ಗುಂಯ್ ಎಂಬ ಸದ್ದು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಿಗುವ ಆಟ, ಇವು ಅದರ ಗುರುತುಗಳು. ಬೇರಿಂಗನ್ನು ಅತಿ ಬಿಗಿಮಾಡಿದರೂ ಕಾಯುತ್ತದೆ; ಗ್ರೀಸು ಕಡಿಮೆಯಾದರೂ ಕಾಯುತ್ತದೆ, ಅತಿಯಾಗಿ ತುಂಬಿದರೂ ಕಾಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಡಾಟ್ 3 ಗುಣಮಟ್ಟದ ಹೊಸ ಆಯಿಲ್ 205 ಡಿಗ್ರಿಯವರೆಗಾದರೂ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಹಳೆಯದಕ್ಕೆ ಈ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ದಾರಿಯಲ್ಲಿ ಚಕ್ರ ಹೊಗೆಯಾಡಿದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಣ್ಣಗಿರುವ ಚಕ್ರಕ್ಕೆ ಕಲ್ಲು ಕೊಟ್ಟು, ಪ್ರಯಾಣಿಕರನ್ನು ದೂರ ಇಳಿಸಿರಿ. ಕಾದ ಲೋಹಕ್ಕೆ ನೀರು ಸುರಿದರೆ ಅದು ಬಿರಿಯಬಹುದು. ಟಯರು ಸಿಡಿಯುವ ಭಯವಿರುವುದರಿಂದ ಚಕ್ರದ ಎದುರಿಗೆ ನಿಲ್ಲಬೇಡಿರಿ. ಬೆಂಕಿಯೇ ಹತ್ತಿದರೆ ಮಾತು ಬೇರೆ. ಆಗ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ.

ಕೊನೆಯದಾಗಿ ಒಂದು ಮಾತು. "ಸಂಜೆಯೊಳಗೆ ಗಿರಾಕಿ ಬರುತ್ತಾನೆ, ಹೇಗಾದರೂ ಹೊರಡು" ಎಂಬ ಅಪ್ಪಣೆಗೆ ಬಡ ಡ್ರೈವರು ಎದುರಾಡುವುದು ಕಷ್ಟವೆಂದು ನಾವು ಬಲ್ಲೆವು. ಆದರೆ 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ತಿಳಿದಿರಲಿ. ಅಪಾಯಕಾರಿ ದೋಷ ತಿಳಿದಿದ್ದೂ, ಇಲ್ಲವೆ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದೂ, ಗಾಡಿಯನ್ನು ಓಡಿಸಿದವನು ತಪ್ಪಿತಸ್ಥ, ಓಡಿಸಗೊಟ್ಟವನೂ ತಪ್ಪಿತಸ್ಥ. ಆದ್ದರಿಂದ ಒಂದು ಸಣ್ಣ ಪುಸ್ತಕವಿಟ್ಟು ತಾರೀಖು, ಚಕ್ರ, ಎಡದ ಕಾವು, ಬಲದ ಕಾವು ಇಷ್ಟನ್ನು ಬರೆದು ಮಾಲೀಕರಿಗೆ ತೋರಿಸಿ ಸಹಿ ಪಡೆಯಿರಿ. ಬಾಯಿಮಾತನ್ನು ತಳ್ಳಿಹಾಕುವುದು ಸುಲಭ, ಬರೆದ ಅಂಕಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಸಹಿ ಕೊಡಲೊಪ್ಪದಿದ್ದರೆ ಆ ಪುಸ್ತಕವನ್ನು ಸಂಘಕ್ಕೆ ತನ್ನಿರಿ. ಒಬ್ಬನ ಮಾತು ಆಗ ಹತ್ತು ಜನರ ಮಾತಾಗುತ್ತದೆ.