ಮಾತಿಲ್ಲದ ಉಪನ್ಯಾಸ

ಮಾತನ್ನೇ ನೆಚ್ಚಿದ ಬಾನುಲಿಯಲ್ಲಿ ಇಂದು ಮಾತೇ ಇಲ್ಲದ ಉಪನ್ಯಾಸವೊಂದರ ಕಥೆಯನ್ನು ಹೇಳಬೇಕಾಗಿದೆ.

ಎರಡನ್ನು 67 ಸಲ ಬರೆದು ಒಂದರೊಡನೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆಯಿರಿ. 147573952589676412927 ಎಂಬ 21 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಇದು ಅವಿಭಾಜ್ಯ, ಎಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಸಾರಿದರು. ಹಾಗಲ್ಲವೆಂದು 1876ರಲ್ಲಿ ಲ್ಯೂಕಾ ಸಾಧಿಸಿದರು. ಆದರೆ ಭಾಗಿಸುವ ಸಂಖ್ಯೆಗಳು ಯಾವುವೆಂದು ತಿಳಿಯಲಿಲ್ಲ. ಮಡಕೆಯನ್ನು ಬಡಿದು ಬಿರುಕಿದೆಯೆನ್ನಬಹುದು. ಬಿರುಕು ಎಲ್ಲಿದೆಯೆನ್ನುವುದು ಬೇರೆ ಮಾತು.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಫ್ರಾಂಕ್ ನೆಲ್ಸನ್ ಕೋಲ್ ತುಟಿ ಬಿಚ್ಚದೆ ಕರಿಹಲಗೆಯ ಮೇಲೆ ಈ ಸಂಖ್ಯೆಯನ್ನು ಬರೆದರಂತೆ. ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದರಂತೆ. ಎರಡೂ ಒಂದೇ! ಅವರು ಮೌನವಾಗಿಯೇ ಹೋಗಿ ಕುಳಿತರು. ಸಭೆ ಕರತಾಡನ ಮಾಡಿತು. ಎಷ್ಟು ಕಾಲ ಹಿಡಿಯಿತೆಂದು ಮುಂದೆ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದರಂತೆ. ಗಣಿತದ ಚರಿತ್ರಕಾರ ಬೆಲ್ ಹೇಳಿದ ಕಥೆಯಿದು.

ಕೂಡಿಸಿ ಗುಣಿಸುವುದು ಗಳಿಗೆಯ ಕೆಲಸ. ಬಿಡಿಸಿ ನೋಡುವುದು ವರ್ಷಗಳ ತಪಸ್ಸು. ಕೋಲರ ಲೆಕ್ಕವನ್ನು ಇಂದಿನ ಗಣಕಯಂತ್ರ ಕ್ಷಣದಲ್ಲಿ ಮುಗಿಸೀತು. ಆದರೆ ಆರು ನೂರು ಅಂಕಿಗಳ ಸಂಖ್ಯೆಯೆದುರು ಅದೂ ಸೋಲುತ್ತದೆ. ಆ ಸೋಲನ್ನೇ ನಂಬಿ ಲೋಕ ತನ್ನ ಗುಟ್ಟುಗಳನ್ನು ಕಾಯುತ್ತಿದೆ.